ದೇವರ ಫೋಟೊದ ಗಾಜು

ಗಾಜಿನ ಪಟ್ಟಿಯ ಮೂಲೆಯಲ್ಲಿ ಸಾಸಿವೆಯಷ್ಟು ಕುಂಕುಮ ಅಂಟಿತ್ತು.

ನಾನು ಅಂಟಿಸಿದ ಗಾಜಿನಲ್ಲಿ ಕುಂಕುಮ ಇರಲು ಸಾಧ್ಯವೇ ಇಲ್ಲ. ಅದನ್ನು ಮೈಸೂರಿನ ಲ್ಯಾಬ್ ಸಾಮಾನಿನ ಅಂಗಡಿಯಿಂದ ತಂದವಳು ನಾನೇ.

ಹಳೆಯ ಸಾರ್ವಜನಿಕ ಕಟ್ಟಡಗಳು ಭೂಕಂಪ ತಡೆದುಕೊಳ್ಳುವಂತೆ ಬಲಪಡಿಸುವುದು ನನ್ನ ಕೆಲಸ. ಪಾಂಡವಪುರದ ಹತ್ತಿರದ ಈ ಶಾಲೆ ನೂರು ವರ್ಷ ದಾಟಿದ್ದು. (ನಮ್ಮ ಕಡೆಯೂ ಭೂಕಂಪವಾ ಎಂದು ನೀವು ನಗಬಹುದು. ಹೆಡ್‌ಮಾಸ್ಟರೂ ನಕ್ಕಿದ್ದರು.) ಹಿಂಬದಿಯ ಗೋಡೆಯಲ್ಲಿ ಒಂದು ಉದ್ದನೆಯ ಬಿರುಕು. ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ಬರುತ್ತೇವೆ. ಗೋಡೆ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಇಷ್ಟೇ ವಿದ್ಯೆ.

ಮೂರು ತಿಂಗಳಾದರೂ ಗಾಜು ಒಡೆದಿರಲಿಲ್ಲ. ಗೋಡೆ ಗಟ್ಟಿಯಾಗಿದೆ, ಗಾರೆ ತುಂಬಿ ಸುಣ್ಣ ಬಳಿದರೆ ಸಾಕು ಎಂದು ರಿಪೋರ್ಟ್ ಟೈಪ್ ಮಾಡಿಯಾಗಿತ್ತು. ಕೊನೆಯ ಫೋಟೊ ತೆಗೆಯಲು ಹೋದಾಗ ಈ ಕುಂಕುಮ ಕಂಡಿತು. ಮುಟ್ಟಿದೆ. ಪಟ್ಟಿ ಜಾರಿತು. ಹಿಂದೆ ಮೈದಾ ಅಂಟು!

ಮೈದಾ ಇನ್ನೆಲ್ಲಿಂದ ಬರಬೇಕು? ಬಿಸಿಯೂಟ ಮಾಡುವ ಜಯಮ್ಮನನ್ನು ಕೇಳಿದೆ. ಆಕೆ ಒಳಗೆ ಹೋಗಿ, ಸಾಂಬಾರು ಪುಡಿಯ ಡಬ್ಬಿಯ ಹಿಂದಿನಿಂದ ಪೇಪರಿನ ಪೊಟ್ಟಣ ತಂದು ಬಿಚ್ಚಿದರು. ಒಳಗೆ ನನ್ನ ಗಾಜು. ಎರಡು ಚೂರು. ಒಡೆದು ತಿಂಗಳಾಗಿತ್ತಂತೆ.

“ಗೋಡೇಲಿರೋದು ನಮ್ಮನೆ ದೇವ್ರ ಫೋಟೊದ್ದು ಕಣವ್ವ. ಫ್ರೇಮ್ ಅಂಗ್ಡೀಲಿ ಕುಯ್ಸ್ಕಂಡ್ ಬಂದೆ. ದೇವ್ರ ಗಾಜು ಒಡ್ಯಾಕಿಲ್ಲ ಅಂದ್ಕಂಡೆ.”

ಮೊದಲ ದಿನ ನಾನೇ ತಮಾಷೆಗೆ ಅಂದಿದ್ದೆನಂತೆ, ಗಾಜು ಒಡೆದರೆ ಈ ಕಟ್ಟಡದ ಕಥೆ ಮುಗೀತು ಅಂತ. ನನಗದು ನೆನಪೇ ಇಲ್ಲ. ಆಕೆ ಮಾತ್ರ ಆ ಮಾತನ್ನು ಎದೆಯಲ್ಲಿಟ್ಟುಕೊಂಡೇ ದಿನವೂ ಅನ್ನ ಬೇಯಿಸಿದ್ದರು. ಕಟ್ಟಡ ಕೆಡವಿದರೆ ಮಕ್ಕಳನ್ನು ಬೇರೆ ಊರಿನ ಶಾಲೆಗೆ ಸೇರಿಸುತ್ತಾರೆ, ಆಮೇಲೆ ಇಲ್ಲಿಗೆ ಯಾರೂ ವಾಪಸ್ ಬರುವುದಿಲ್ಲ ಎಂಬ ಭಯ.

ಸಿಟ್ಟು ಮಾಡಿಕೊಳ್ಳಲೇ? ಬಿ.ಪಿ. ಚೆಕಪ್ಪಿನ ಹಿಂದಿನ ದಿನ ಮಾತ್ರ ಉಪ್ಪು ಬಿಡುವವರು ನಮ್ಮ ನಿಮ್ಮ ಮನೆಯಲ್ಲಿ ಇಲ್ಲವೇ? (ನಮ್ಮಮ್ಮ ಇದರಲ್ಲಿ ಎಕ್ಸ್‌ಪರ್ಟ್.) ನಾವು ಪ್ರೀತಿಸುವಂಥದ್ದರ ಬಗ್ಗೆ ಕೆಟ್ಟ ಸುದ್ದಿ ಕೇಳಲು ಯಾರಿಗೆ ಧೈರ್ಯವಿದೆ?

ಗಾಜು ಒಡೆದರೆ ಕೆಡವುವುದಿಲ್ಲ, ಕಬ್ಬಿಣದ ಸರಳು ಹಾಕಿ ಗೋಡೆಗಳನ್ನು ಒಂದಕ್ಕೊಂದು ಬಿಗಿಯುತ್ತೇವೆ ಎಂದು ವಿವರಿಸಿದೆ. ಒಡೆದದ್ದು ಗೊತ್ತಾಗದಿದ್ದರೆ ಬರೀ ಸುಣ್ಣ ಬಳಿದು ಹೋಗುತ್ತಿದ್ದೆವು. ಜಯಮ್ಮ ಕಟ್ಟೆಯ ಮೇಲೆ ಕೂತರು.

“ಅಂಗಾರೆ ಐಕ್ಳ ಮ್ಯಾಲೆ ಗೋಡೆ ಕೆಡುವಾಕೆ ನಾನೇ ವೊಂಟಿದ್ನಾ?”

“ನೀವಲ್ಲ ಜಯಮ್ಮ. ರಿಪೋರ್ಟ್ ಬರೆದವಳು ನಾನು,” ಅಂದೆ. ಪಕ್ಕದಲ್ಲಿ ಕೂತೆ. ಆಕೆ ಎದ್ದು, ಊಟದ ತಟ್ಟೆ ತರಲಾ ಎಂದು ಕೇಳಿದರು.

ಅಂದು ಸಂಜೆ ರಿಪೋರ್ಟನ್ನು ಮೊದಲ ಸಾಲಿನಿಂದ ಬದಲಿಸಿ ಬರೆದೆ.

ಮಾರನೆಯ ಬೆಳಿಗ್ಗೆ ಜಯಮ್ಮನಿಗೆ ಫೋನ್ ಮಾಡಿ ದೇವರ ಫೋಟೊದ ಅಳತೆ ಕೇಳಿಕೊಂಡು, ಫ್ರೇಮ್ ಅಂಗಡಿಯವನು ಬಾಗಿಲು ತೆಗೆಯುವುದನ್ನೇ ಕಾಯುತ್ತಾ ನಿಂತೆ.