ಇಲ್ಲಮ್ಮ, ಇಲ್ಲಿಗೆ ಬಂದಿಲ್ಲ

ಶನಿವಾರ ಬಂತೆಂದರೆ ಎನಿಡ್ ಪಾಶ್ಲಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಇಂಗ್ಲೆಂಡಿನ ಗೂಲ್ ಎಂಬ ಬಂದರು ಊರಿನ ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದಳು. ಸೆಲ್ಬಿ, ಥಾರ್ನ್, ಸ್ನೇತ್, ಎಪ್‌ವರ್ತ್. ಕೆಲಸವಿಲ್ಲದೆ ಯಾರೂ ಕಾಲಿಡದ ಈ ಊರುಗಳ ಪಬ್ಬುಗಳನ್ನೆಲ್ಲ ಅವಳು ಒಂದೂ ಬಿಡದೆ ಹೊಕ್ಕು ಬಂದಿದ್ದಳು. ಅವಳಿಗೇನೂ ಕುಡಿತದ ಚಟವಿರಲಿಲ್ಲ. ಬಿಯರಿಗೆ ನಿಂಬೆ ಶರಬತ್ತು ಬೆರೆಸಿದ ಶ್ಯಾಂಡಿ ಅರ್ಧ ಗ್ಲಾಸು ಮುಂದಿಟ್ಟುಕೊಂಡು, ಅದರ ನೊರೆಯೆಲ್ಲ ಇಂಗಿಹೋಗುವವರೆಗೂ ಚುಕ್ಕಿ ಬಿಲ್ಲೆಗಳ ಡಾಮಿನೋ ಆಡುವ ಮೇಜಿನ ಕಡೆಗೇ ನೋಡುತ್ತ ಕೂರುತ್ತಿದ್ದಳು. ಡಾಮಿನೋ ಇಲ್ಲದ ಕಡೆ ಅವಳ ಗಂಡ ವಿಲ್ಫ್ ಇರುವ ಪೈಕಿಯಲ್ಲ.

ವಿಲ್ಫ್ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು. ಹಿಂದಿನ ಚಳಿಗಾಲದ ಒಂದು ಮಧ್ಯಾಹ್ನ ಕ್ರೇನಿನ ಸರಪಳಿ ತುಂಡಾಗಿ, ಮರದ ದಿಮ್ಮಿಗಳು ಕೆಳಗಿದ್ದ ಡೆನ್ನಿಸ್‌ನ ಮೇಲೆ ಬಿದ್ದವು. ಡೆನ್ನಿಸ್ ಅವನ ಬಾಲ್ಯದ ಗೆಳೆಯ, ಪಕ್ಕದ ಮನೆಯವನು. ಜೀವ ಉಳಿಯಿತು, ಬಲಗಾಲು ಹೋಯಿತು. ವಿಲ್ಫ್ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡಲಾರದೆ ಹಿಂದಿರುಗಿದ. ಮರುದಿನ ಬೆಳಿಗ್ಗೆ ತನ್ನ ಟೀ ಕಪ್ಪನ್ನು ತಾನೇ ತೊಳೆದಿಟ್ಟು ಮನೆ ಬಿಟ್ಟುಹೋದ. ಮದುವೆಯಾದಂದಿನಿಂದ ಅವನು ಕಪ್ಪು ತೊಳೆದದ್ದು ಅದೇ ಮೊದಲು.

ಆಮೇಲೆ ವಿಚಾರಣೆ ನಡೆಯಿತು. ಸರಪಳಿಗೆ ಒಳಗಿಂದೊಳಗೇ ತುಕ್ಕು ಹಿಡಿದಿತ್ತು, ಕ್ರೇನಿನವನದು ತಪ್ಪಿಲ್ಲ ಎಂದು ತೀರ್ಮಾನವಾಯಿತು. ಊರಿಗೆಲ್ಲ ಗೊತ್ತಾದ ಈ ಮಾತು ಕೇಳಬೇಕಾದವನ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಅದನ್ನು ಹೊತ್ತುಕೊಂಡೇ ಎನಿಡ್ ಊರೂರು ಅಲೆಯುತ್ತಿದ್ದಳು. ಅಷ್ಟರಲ್ಲಿ ಲಾರಿಯವನೊಬ್ಬ ವಿಲ್ಫ್‌ನನ್ನು ಗೇನ್ಸ್‌ಬರೋದಲ್ಲಿ ಕಂಡೆನೆಂದ. ಕಣ್ಣು ಹಳದಿಯಾಗಿದೆ, ಗ್ಲಾಸು ಎತ್ತಲು ಎರಡೂ ಕೈ ಬೇಕು ಎಂದ. ಇನ್ನು ತಡಮಾಡಿದರೆ ಮನೆಗೆ ಬರುವುದು ಅವನ ಹೆಣವೇ ಎಂದು ಎನಿಡ್‌ಗೆ ಖಾತ್ರಿಯಾಯಿತು.

ಈ ಅಲೆದಾಟದಲ್ಲಿ ಅಲ್ಲಿಯವರೆಗೂ ಅವಳು ಯಾವ ಪಬ್ಬಿನಲ್ಲೂ ಬಾಯಿಬಿಟ್ಟು ಕೇಳಿರಲಿಲ್ಲ. ಗಂಡನನ್ನು ಹುಡುಕಿಕೊಂಡು ಬಂದ ಹೆಂಡತಿಗೆ ಪಬ್ಬಿನವರು ಕೊಡುವ ಉತ್ತರ ಇಡೀ ಇಂಗ್ಲೆಂಡಿಗೇ ಒಂದು. ಮದುವೆಗೆ ಮುಂಚೆ ಸೆಲ್ಬಿಯ ಪಬ್ಬೊಂದರಲ್ಲಿ ಬಿಯರು ಸುರಿದುಕೊಡುತ್ತಿದ್ದಾಗ ಅವಳೂ ಅದನ್ನೇ ಹೇಳುತ್ತಿದ್ದಳು. ಹುಡುಕಿ ಬಂದವಳ ಗಂಡ ಕೌಂಟರಿನ ಕೆಳಗೆ ಮುದುರಿ ಕೂತಿರುತ್ತಿದ್ದ. ಇವಳು ಅವನ ಹೆಂಡತಿಗೆ ನಗುನಗುತ್ತಲೇ ‘ಇಲ್ಲಮ್ಮ, ಬಂದಿಲ್ಲ’ ಅನ್ನುತ್ತಿದ್ದಳು. ಗಂಡಸರು ಇದನ್ನು ಸ್ನೇಹ ಅನ್ನುತ್ತಾರೆ. ಅನ್ನಲಿ.

ಗೇನ್ಸ್‌ಬರೋದ ನದಿಯ ದಂಡೆಯಲ್ಲಿದ್ದ ಪಬ್ಬಿಗೆ ಅವಳು ಬಂದಾಗ ಮಟಮಟ ಮಧ್ಯಾಹ್ನ. ಡಾಮಿನೋ ಮೇಜಿನಲ್ಲಿ ಮೂವರು ಮುದುಕರಿದ್ದರು. ಬಿಲ್ಲೆಗಳು ಮಾತ್ರ ನಾಲ್ಕು ಕುರ್ಚಿಗಳ ಮುಂದೆ ನಿಂತಿದ್ದವು. ಖಾಲಿ ಕುರ್ಚಿಯ ಮುಂದಿದ್ದ ಗ್ಲಾಸಿನಲ್ಲಿ ನೊರೆ ಇನ್ನೂ ಇಳಿದಿರಲಿಲ್ಲ. ಅವಳು ನೇರ ಕೌಂಟರಿಗೆ ಹೋದಳು.

“ಸ್ವಲ್ಪ ಕೇಳಿ. ನನ್ನ ಗಂಡ...”

“ಇಲ್ಲಮ್ಮ, ಇಲ್ಲಿಗೆ ಬಂದಿಲ್ಲ,” ಎಂದ ಪಬ್ಬಿನ ಯಜಮಾನ ಲೆನ್, ಗ್ಲಾಸು ಒರೆಸುತ್ತ.

“ಅವನ ಹೆಸರೇ ನಾನಿನ್ನೂ ಹೇಳಿಲ್ಲವಲ್ಲಪ್ಪ.”

ಮುದುಕರಲ್ಲೊಬ್ಬ ಕೆಮ್ಮಿದ. ಇನ್ನೊಬ್ಬ, “ಸಿಕ್ಕಿಬಿದ್ಯಲ್ಲೋ ಲೆನ್ನು,” ಎಂದ.

“ನೋಡು ತಾಯಿ,” ಎಂದ ಲೆನ್, “ದಣಿದ ಮನುಷ್ಯ ನಾಲ್ಕು ಗುಟುಕು ನೆಮ್ಮದಿಯಾಗಿ ಕುಡೀಲಿ ಬಿಡು. ಬೈಯೋದು ಮನೇಲಿ ಇದ್ದೇ ಇರುತ್ತೆ.”

“ಬೈಯೋಕೆ ನಾನು ಇಷ್ಟು ದೂರ ಬಸ್ಸಲ್ಲಿ ಬರಬೇಕಿತ್ತಾ?” ಎಂದವಳೇ ಎನಿಡ್ ಒಳಬಾಗಿಲಿನ ಕಡೆ ತಿರುಗಿದಳು. ಇಡೀ ಪಬ್ಬಿಗೆ ಕೇಳುವಂತೆ ಕೂಗಿ ಹೇಳಿದಳು. “ವಿಲ್ಫ್, ಸರಪಳಿ ತುಕ್ಕು ಹಿಡಿದಿತ್ತಂತೆ. ನಿಂದೇನೂ ತಪ್ಪಿಲ್ಲ ಅಂತ ವಿಚಾರಣೇಲಿ ಹೇಳಿದ್ರು ಕಣೋ. ಮನೆಗೆ ಬಾ.”

ಲೆನ್ ಒರೆಸುತ್ತಿದ್ದ ಗ್ಲಾಸನ್ನು ಕೆಳಗಿಟ್ಟು, ಹಿತ್ತಿಲಿನ ಕಡೆ ಗದ್ದ ತೋರಿಸಿದ.

ವಿಲ್ಫ್ ಹಿತ್ತಿಲಿನಲ್ಲಿ ಒಂದು ಖಾಲಿ ಪೀಪಾಯಿಯ ಮೇಲೆ ಕೂತಿದ್ದ. ಅರ್ಧಕ್ಕರ್ಧ ಇಳಿದುಹೋಗಿದ್ದ. ಕೋಟು ಮಾತ್ರ ಅವಳು ಗುಂಡಿ ಹೊಲಿದುಕೊಟ್ಟ ಹಳೆಯ ಕೋಟೇ.

“ಕೇಳಿಸ್ತು,” ಎಂದ. “ಅವತ್ತು ಊಟದ ಹೊತ್ತಲ್ಲಿ ನಾನು ನಾಲ್ಕು ಪೈಂಟು ಬಿಯರು ಕುಡಿದಿದ್ದೆ ಎನಿಡ್.”

“ನೀನು ಅವತ್ತು ಬಂದೇ ಇಲ್ಲ ಅಂತ ನಮ್ಮೂರ ಪಬ್ಬಿನವನು ವಿಚಾರಣೇಲಿ ಹೇಳಿದನಲ್ಲ, ಪ್ರಮಾಣ ಮಾಡಿ.”

“ಅವನು ಇನ್ನೇನು ಅಂತಾನೆ? ಅಷ್ಟು ವರ್ಷ ನಿಂಗೂ ಅದನ್ನೇ ಹೇಳಿದಾನೆ.” ವಿಲ್ಫ್ ಅವಳ ಮುಖ ನೋಡಲಿಲ್ಲ. “ಸರಪಳಿ ಕಿರ್ ಅಂದಿದ್ದು ನಂಗೆ ಕೇಳಿಸಿತ್ತು. ನೆಟ್ಟಗಿದ್ದಿದ್ರೆ ಭಾರ ಆ ಕಡೆಗೆ ತಿರುಗಿಸ್ತಿದ್ದೆ. ಕೈ ಏಳಲಿಲ್ಲ. ಡೆನ್ನಿಸ್ ಮುಂದೆ ಹೋಗಿ ಹ್ಯಾಗೆ ನಿಲ್ಲಲಿ?”

ಎನಿಡ್ ಗೋಗರೆದಳು, ಬೈದಳು, ಕೈಚೀಲದಿಂದ ಅವನ ಬೆನ್ನಿಗೆ ಬಾರಿಸಿದಳು. ಅವನು ಹೊಡೆಸಿಕೊಂಡ, ಜಾಗ ಬಿಟ್ಟು ಕದಲಲಿಲ್ಲ. ಇಷ್ಟು ತಿಂಗಳು ಅವನ ಪ್ರಾಣ ಉಳಿಸುತ್ತದೆಂದು ಜೋಪಾನವಾಗಿ ತಂದ ಮಾತು ಯಾವ ಕೆಲಸಕ್ಕೂ ಬರಲಿಲ್ಲ. ಒಬ್ಬಳೇ ಹಿಂದಿರುಗುವ ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಅತ್ತಳು, ಯಾರು ನೋಡಿದರೂ ಲೆಕ್ಕಿಸದೆ.

ಡೆನ್ನಿಸ್ ತನ್ನ ಮನೆಯ ಮೆಟ್ಟಿಲ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕೂತಿದ್ದ. ಮುಚ್ಚಿಟ್ಟು ಏನಾಗಬೇಕು ಎಂದು ಎನಿಡ್ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಶಾಪ ಹಾಕುತ್ತಾನೆಂದು ಕಾದಳು.

“ನಾಲ್ಕು ಅಂತ ಗೊತ್ತು,” ಎಂದ ಡೆನ್ನಿಸ್. “ಮೂರನೇದು ಕೊಡಿಸಿದ್ದು ನಾನೇ. ಅವನು ಸಾಕು ಕಣೋ ಅಂದ. ನಾನು ಕೊಡಿಸೋ ಸರದಿ ಬಂದಾಗ ಬೇಡ ಅಂತೀಯಾ, ಹೆಂಡ್ತಿಗೆ ಹೆದರಿದ್ಯಾ ಅಂತ ಎಲ್ಲರೆದುರು ಆಡಿಕೊಂಡೆ. ನಾನು ಕೊಡಿಸಿದ್ದು ಕುಡಿದ ಮೇಲೆ ತಿರುಗಿ ನಂಗೂ ಕೊಡಿಸಿ, ಜೊತೆಗೆ ತಾನೂ ಕುಡಿಯದೆ ಎದ್ದುಹೋಗೋಕೆ ಆಗುತ್ತಾ? ಅದೇ ನಾಲ್ಕನೇದು.”

“ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡು ಕೂತಿದ್ದೀಯಾ ಡೆನ್ನಿಸ್?”

“ತಪ್ಪೆಲ್ಲ ಅವನದೇ ಅಂದುಕೊಂಡ್ರೆ ನಂಗೆ ನಿದ್ದೆ ಬರ್ತಿತ್ತು.”

ಸೋಮವಾರ ಬೆಳಿಗ್ಗೆ ಇಬ್ಬರೂ ಮೊದಲ ಬಸ್ಸು ಹಿಡಿದರು. ಹತ್ತುವಾಗ ಡೆನ್ನಿಸ್‌ನ ತೋಳಿಗೆ ಎನಿಡ್ ಭುಜ ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಅವರನ್ನು ಕಂಡ ಲೆನ್ ಕೌಂಟರಿನ ಹಿಂದಿನಿಂದ ಹೊರಗೇ ಬಂದ.

“ಅವನು ಮತ್ತೆ ಬರಲೇ ಇಲ್ಲಮ್ಮ. ಶನಿವಾರ ನೀನು ಆ ಕಡೆ ಹೋದೆ, ಅವನು ಈ ಕಡೆ ಎದ್ದುಹೋದ. ಎಲ್ಲಿಗೆ ಅಂತ ಹೇಳಲಿಲ್ಲ. ನನ್ನ ಮಕ್ಕಳಾಣೆಗೂ ನಿಜ.” ನಂಬಿಸಲೆಂದು ಅವನು ತಾನಾಗಿ ಒಂದೊಂದೇ ಬಾಗಿಲು ತೆರೆದು ತೋರಿಸಿದ. ನೆಲಮಾಳಿಗೆ, ಅಡುಗೆಮನೆ, ಕೊನೆಗೆ ಹಿತ್ತಿಲು.

ಎನಿಡ್‌ಗೆ ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಡೆನ್ನಿಸ್ ಕುಂಟುತ್ತ ಅವಳನ್ನು ದಾಟಿ ಹೋಗಿ ಹಿತ್ತಿಲ ಬಾಗಿಲಿನ ಹೊಸ್ತಿಲ ಮೇಲೆ ನಿಂತ.

“ವಿಲ್ಫ್, ಮೂರನೇದು ನಂದು ಕಣೋ,” ಎಂದು ಕೂಗಿದ. “ನೀನು ಬೇಡ ಅಂದಿದ್ದೆ.”

ಡಾಮಿನೋ ಮುದುಕರು ತಲೆ ತಗ್ಗಿಸಿದರು. ಹಿತ್ತಿಲಿನಲ್ಲಿ ಖಾಲಿ ಪೀಪಾಯಿಗಳಷ್ಟೇ ಇದ್ದವು, ಅವುಗಳಾಚೆ ನದಿ ಹರಿಯುತ್ತಿತ್ತು. ಡೆನ್ನಿಸ್ ಇನ್ನೊಮ್ಮೆ ಕೂಗಿದ.