ನೆವೆನಾ ಗೆದ್ದ ವಾದ

ಪುಸ್ತಕ ಹಿಡಿದು ಪೌರನೀತಿ ಓದಿಸುವುದೆಂದರೆ ಪೆಂಚೊ ಮೇಷ್ಟ್ರಿಗೆ ಮೈ ಉರಿಯುತ್ತಿತ್ತು. ಸಂವಿಧಾನವನ್ನು ಉರು ಹೊಡೆದು ಯಾವ ಮಗು ತಾನೇ ಪ್ರಜೆಯಾದೀತು ಎಂದು ಸಹೋದ್ಯೋಗಿಗಳ ತಲೆ ತಿನ್ನುತ್ತಿದ್ದರು. ಬಲ್ಗೇರಿಯಾದ ರೊಡೋಪಿ ಬೆಟ್ಟಗಳ ಆ ಪುಟ್ಟ ಪಟ್ಟಣದಲ್ಲಿ ಅವರ ತರಗತಿ ಒಂದು ದಿನ ನ್ಯಾಯಾಲಯ, ಇನ್ನೊಂದು ದಿನ ಸಂಸತ್ತು. ಎಲ್ಲ ಆಟಕ್ಕೂ ಒಂದೇ ನಿಯಮ. ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನೇ ಪ್ರತಿಯೊಬ್ಬರೂ ವಹಿಸಬೇಕು. ಎದುರಾಳಿಯ ಮನಸ್ಸು ಹೊಕ್ಕು ಬಂದವನೇ ಪ್ರಜೆ ಎಂಬುದು ಅವರ ಹಟವಾಗಿತ್ತು.

ಆ ವಸಂತದಲ್ಲಿ ಅವರು ನಗರಸಭೆಯ ಆಟ ಆಡಿಸಿದರು. ಮಕ್ಕಳು ಕಡಿಮೆಯಾದ ಗುಡ್ಡದ ಹಳ್ಳಿಯ ಶಾಲೆಯನ್ನು ಮುಚ್ಚಬೇಕೋ ಬೇಡವೋ ಎಂಬುದು ವಿಷಯ. ಸುತ್ತಲಿನ ಹಳ್ಳಿಗಳನ್ನೂ ನೋಡಿಕೊಳ್ಳುವ ನಿಜವಾದ ನಗರಸಭೆಯಲ್ಲೂ ಆ ಮಾತು ಎದ್ದಿತ್ತು. ನೆವೆನಾ ಅದೇ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ. ಅವಳ ತಮ್ಮ ಆ ಶಾಲೆಯಲ್ಲಿ ಓದುತ್ತಿದ್ದ, ತಾಯಿ ಅಲ್ಲೇ ಅಡುಗೆಯವಳು.

"ಮುಚ್ಚಬೇಕು ಅನ್ನೋ ಕಡೆ ನೀನು," ಎಂದರು ಮೇಷ್ಟ್ರು.

"ಬೇರೆ ಯಾರಿಗಾದ್ರೂ ಕೊಡಿ ಸಾರ್. ಅದು ನಮ್ಮ ಶಾಲೆ."

"ಅದಕ್ಕೇ ನಿನಗೆ ಕೊಟ್ಟಿದ್ದು. ಆಟ ಕಣಮ್ಮ ಇದು. ಯಾವ ಶಾಲೆಗೂ ಬೀಗ ಬೀಳಲ್ಲ."

ನಗರಸಭೆಯ ಸದಸ್ಯ ಕರಾಕೊಲೆವ್ ಅವತ್ತು ಅತಿಥಿಯಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನೆವೆನಾ ಎದ್ದು ನಿಂತು ಮೊದಮೊದಲು ತಡವರಿಸಿದಳು.

"ನನ್ನ ತಮ್ಮನ ಓರಗೆಯವರು ಅಲ್ಲಿ ಒಬ್ರೂ ಇಲ್ಲ," ಎಂದಳು ಆಮೇಲೆ. "ಬಿಡುವಿನಲ್ಲಿ ಗೋಡೆಗೆ ಚೆಂಡು ಹೊಡ್ಕೊಂಡು ಒಬ್ನೇ ಆಡ್ತಾನೆ. ಅವನಿಗೆ ನಾವು ಉಳಿಸ್ತಿರೋದು ಏನನ್ನ, ಶಾಲೆನೋ, ಗೋಡೆನೋ?"

ತರಗತಿಯ ಕೈಗಳೆಲ್ಲ ಅವಳ ಪರವಾಗಿ ಎದ್ದವು. ಮೇಷ್ಟ್ರು ಉಬ್ಬಿಹೋಗಿ, ಕೇಳಿಸುವಂತೆ ಹೇಳಿಯೇ ಆರಕ್ಕೆ ಪೂರ್ತಿ ಆರು ಅಂಕ ಕೊಟ್ಟರು.

ಮರುತಿಂಗಳು ನಗರಸಭೆಯಲ್ಲಿ ಕರಾಕೊಲೆವ್ ಎದ್ದು ನಿಂತು, "ಆ ಹಳ್ಳಿ ಹುಡುಗಿನೇ ಹೇಳಿದ್ದು ಕೇಳಿ," ಎಂದು ಆ ಚೆಂಡು, ಆ ಗೋಡೆ ಎಲ್ಲವನ್ನೂ ಸಭೆಯ ಮುಂದಿಟ್ಟರು. ಪ್ರೇಕ್ಷಕರ ಸಾಲಿನಲ್ಲಿದ್ದ ಮೇಷ್ಟ್ರು ಧಡಕ್ಕನೆ ಎದ್ದರು.

"ಅದು ಆಟ ಸ್ವಾಮಿ," ಎಂದು ಅಲ್ಲಿಂದಲೇ ಕೂಗಿದರು. "ಆ ಪಕ್ಷ ನಾನು ಕೊಟ್ಟಿದ್ದು."

"ಇರಬಹುದು ಮೇಷ್ಟ್ರೇ. ಅವಳು ಹೇಳಿದ್ರಲ್ಲಿ ಸುಳ್ಳು ಯಾವುದು, ಹೇಳಿ."

ಅಲ್ಲಿಯವರೆಗೂ ಅತ್ತಿತ್ತ ಹೊಯ್ದಾಡುತ್ತಿದ್ದ ಸಭೆ ಶಾಲೆ ಮುಚ್ಚುವುದೆಂದು ತೀರ್ಮಾನಿಸಿತು.

ಸೆಪ್ಟೆಂಬರಿನಲ್ಲಿ ನೆವೆನಾಳ ತಮ್ಮನೂ ಪಟ್ಟಣದ ಶಾಲೆಗೆ ಬಂದ. ಅಂಗಳದ ತುಂಬ ಗೆಳೆಯರನ್ನು ಕಟ್ಟಿಕೊಂಡು ಕುಣಿಯುತ್ತಿದ್ದ. ತಾಯಿಗೆ ಮಾತ್ರ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ನೆವೆನಾ ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಮೇಷ್ಟ್ರು ಅವಳನ್ನು ನಿಲ್ಲಿಸಿಕೊಂಡರು.

"ತಪ್ಪು ನಂದು ಕಣಮ್ಮ. ನಿಮ್ಮಮ್ಮನ ಹತ್ರ ನಾನೇ ಬಂದು ಹೇಳ್ತೀನಿ, ಆಟಕ್ಕೋಸ್ಕರ ಹಾಗೆ ಹೇಳಿಸಿದೆ, ಮಗು ಮನಸ್ಸಲ್ಲಿ ಅದಿರಲಿಲ್ಲ ಅಂತ."

ನೆವೆನಾ ತಲೆ ಎತ್ತಲಿಲ್ಲ. "ಬರಬೇಡಿ ಸಾರ್. ಅಮ್ಮ ದಿನಾ ಅದನ್ನೇ ಕೇಳ್ತಾಳೆ, ಆಟಕ್ಕೆ ಹೇಳಿದ್ದಾ, ಮನಸಾರೆ ಹೇಳಿದ್ದಾ ಅಂತ. ನಾನು ಮನಸಾರೆನೇ ಹೇಳಿದ್ದು ಸಾರ್."