ಟಗರಿನ ಕೊರಳ ವೈರ್‌ಲೆಸ್ಸು

ನನ್ನಿವಾಳ ಊರಿನ ಆಚೆಯ ಹುಲ್ಲುಗಾವಲಿನಲ್ಲಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಕೇಳುವ ಕೇಂದ್ರವೊಂದಿದೆ. ನಾನು ಅಲ್ಲಿ ಕಾವಲುಗಾರನಾಗಿದ್ದೆ. ಆ ಅಲೆಗಳು ಬಹಳ ಕ್ಷೀಣ. ಹತ್ತಿರದಲ್ಲಿ ಯಾರಾದರೂ ವೈರ್‌ಲೆಸ್ ಗುಂಡಿ ಒತ್ತಿದರೆ ಸಾಕು, ಮುಚ್ಚಿಹೋಗುತ್ತವೆ. ಹಾಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಅನುಮತಿಯಿಲ್ಲದೆ ಅಂಥ ಯಂತ್ರ ಬಳಸುವಂತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಮೊಳಕಾಲ್ಮೂರು ಕಡೆಯ ತೆಲುಗೂ ಬಲ್ಲವನು ಎಂದು ಜನರಿಗೆ ತಿಳಿಹೇಳುವ ಕೆಲಸವನ್ನೂ ನನಗೇ ಕೊಟ್ಟಿದ್ದರು.

ನನ್ನ ಅಣ್ಣ ಅದೇ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸುತ್ತಿದ್ದ. ನಾನು ಕುರಿ ಬಿಟ್ಟು ಯೂನಿಫಾರಂ ಹಾಕಿದ್ದು ಅವನಿಗೆ ಹಿಡಿಸಿರಲಿಲ್ಲ. ಒಮ್ಮೆ ಟೀ ಅಂಗಡಿಯಲ್ಲಿ ಎಲ್ಲರೆದುರು, "ನೋಡ್ರಲೇ, ನಮ್ ತಮ್ಮ ನಕ್ಷತ್ರ ಮೇಯ್ಸಾಕೆ ಹೊಂಟವ್ನೆ. ಎಷ್ಟು ಮರಿ ಹಾಕಿದ್ವೋ?" ಎಂದ. ಎಲ್ಲರೂ ನಕ್ಕರು. ನಾನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಒಂದು ಬೇಸಿಗೆಯಲ್ಲಿ ಕೇಂದ್ರಕ್ಕೆ ಏನೋ ಸದ್ದು ಅಡ್ಡ ಬರತೊಡಗಿತು. ಬೆಳಿಗ್ಗೆ ಶುರುವಾಗಿ, ಮೆಲ್ಲಗೆ ಜಾಗ ಬದಲಿಸುತ್ತ, ಮಧ್ಯಾಹ್ನ ಕುಗ್ಗಿ ನಿಲ್ಲುತ್ತಿತ್ತು. ಜೀಪಿಗೆ ಆಂಟೆನಾ ಕಟ್ಟಿಕೊಂಡು ಹುಡುಕಲು ಹೋದೆವು. ಕೇಂದ್ರದ ಇಂಜಿನಿಯರಮ್ಮ ಕಿವಿಗಿಟ್ಟುಕೊಂಡಿದ್ದ ಹೆಡ್‌ಫೋನನ್ನು ನನಗೆ ಕೊಟ್ಟು, "ಇದೇನು ಕೇಳ್ರೀ" ಎಂದರು. ಹುಲ್ಲು ಕಿತ್ತು ಅಗಿಯುವ ಸದ್ದು. ನಡುವೆ ಗಂಟೆ, ಅದರ ನಾದದ ಕೊನೆಯಲ್ಲಿ ಸಣ್ಣ ಒಡಕು. ಅದು ನಮ್ಮಪ್ಪನ ಕಾಲದ ಗಂಟೆ. ತಕ್ಷಣ ಗೊತ್ತಾಯಿತು.

ಅಣ್ಣ ಜಾಲಿ ಮರದಡಿ ಕೂತಿದ್ದ. ಚಳ್ಳಕೆರೆಯ ಗುಜರಿ ಅಂಗಡಿಯಲ್ಲಿ ವೈರ್‌ಲೆಸ್ ಸೆಟ್ಟುಗಳ ಜೋಡಿ ಕೊಂಡು, ಒಂದರ ಗುಂಡಿ ಒತ್ತಿಕೊಂಡೇ ಇರುವಂತೆ ಟೇಪು ಸುತ್ತಿ, ಮುಂದೆ ನಡೆಯುವ ಟಗರಿನ ಕೊರಳಿಗೆ ಗಂಟೆಯ ಜೊತೆ ಕಟ್ಟಿದ್ದ. ಇನ್ನೊಂದನ್ನು ಕಿವಿಗೆ ಹಿಡಿದಿದ್ದ. ಗಂಟೆಯ ಸದ್ದು ಓಡತೊಡಗಿದರೆ ತೋಳ ಬಂತೆಂದು ಅರ್ಥ.

ಇಂಜಿನಿಯರಮ್ಮ ಮೊದಲು ನಕ್ಕುಬಿಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಕಿತ್ಕೋಬೇಡಿ. ನಮಗೆ ಅಡ್ಡ ಬರದ ಸೆಟ್ಟನ್ನ ಅನುಮತಿ ಸಮೇತ ಹತ್ತು ದಿನದಲ್ಲಿ ಕೊಡಿಸ್ತೀನಿ. ಅಲ್ಲೀವರೆಗೂ ಗುಡ್ಡದ ಆಚೆ ಮೇಯಿಸ್ಲಿ, ಅಲ್ಲಿಂದ ನಮಗೆ ಕೇಳ್ಸಲ್ಲ" ಎಂದು ಹೇಳಿ ಜೀಪಿಗೆ ಹೋದರು.

ನಾನು ಅಣ್ಣನ ಹತ್ತಿರ ಹೋಗಿ ಹೇಳಿದ್ದೇ ಬೇರೆ. "ಕಾನೂನು ಐತೆ. ಎರಡೂ ಕೊಡು. ಇಲ್ದಿದ್ರೆ ಪೊಲೀಸ್ ಕೇಸು."

"ಲೇ, ಇದೊಂದು ಬಿಡೋ. ಕೈ ಮುಗಿತೀನಿ."

ನಿಜವಾಗಿಯೂ ಕೈ ಮುಗಿದ. ಹಿರಿಯನಾದ ಅವನು ನನಗೆ ಕೈ ಮುಗಿದದ್ದು ಆ ಗಳಿಗೆಯಲ್ಲಿ ನನಗೆ ಹಿತವಾಯಿತು. ಎರಡನ್ನೂ ಕಿತ್ತುಕೊಂಡೆ. ಜೀಪಿನಲ್ಲಿ, "ಹೊಸದು ಬರೋವರೆಗೂ ಇದು ಬೇಡ ಅಂತ ಅವನೇ ಕೊಟ್ಟ, ಮೇಡಂ" ಎಂದೆ.

ಒಂಬತ್ತನೇ ದಿನ ಹಾಡಹಗಲೇ ತೋಳ ನುಗ್ಗಿತು. ಟಗರು ಸತ್ತಿತು, ಮಂದೆ ದಿಕ್ಕಾಪಾಲಾಯಿತು. ಪಕ್ಕದ ಮಂದೆಯವರು ಓಡಿಬಂದಾಗ ಅಣ್ಣ ಕೋಲು ಹಿಡಿದು, ಕುರಿ ಇಲ್ಲದ ಕಡೆಗೆ ತಿರುಗಿ ಕೂಗುತ್ತಿದ್ದನಂತೆ.

ನಾನು ಮನೆಗೆ ಹೋದಾಗ ಅತ್ತಿಗೆ ಹೇಳಿದಳು. "ಎರಡು ವರ್ಷದಿಂದ ನಿಮ್ಮಣ್ಣಂಗೆ ಕಣ್ಣು ಮಸುಕು. ಹತ್ತು ಮಾರು ಆಚೆ ಏನೂ ಕಾಣಲ್ಲ. ತಿಳಿದ್ರೆ ಕುರಿ ಬಿಡಿಸ್ತಾರೆ, ಯಾರಿಗೂ ಹೇಳ್ಬ್ಯಾಡ ಅಂದಿದ್ದ. ಗಂಟೆ ಕೇಳ್ಕಂಡೇ ಮೇಯಿಸ್ತಿದ್ದ."

ಮಾರನೇ ದಿನ ಹೊಸ ಸೆಟ್ಟುಗಳು ಬಂದವು. ನಾನು ಅವನ್ನು ಕೊಡಲಿಲ್ಲ. ಕೊಟ್ಟಿದ್ದರೆ ಮೇಡಂ ಮೊದಲೇ ಒಪ್ಪಿದ್ದರೆಂದು ತಿಳಿದು ನನ್ನ ಸುಳ್ಳು ಬಯಲಾಗುತ್ತಿತ್ತು. ಅದೇ ವಾರ ಅಣ್ಣ ಉಳಿದ ಕುರಿಗಳನ್ನು ಮಾರಿಬಿಟ್ಟ.

ಆಮೇಲೆ ಅವನು ಜಗುಲಿ ಬಿಟ್ಟು ಏಳಲಿಲ್ಲ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡ. ಅದಕ್ಕೆ ಕೆಲವು ದಿನ ಮುಂಚೆ, ನಾನು ಪಕ್ಕದಲ್ಲಿ ಕೂತಿದ್ದಾಗ ಕೇಳಿದ:

"ಈಗ ನಿಮ್ ಆಕಾಶ ಚೆನ್ನಾಗಿ ಕೇಳ್ಸುತ್ತೇನೋ?"

ಅದರಲ್ಲಿ ಕುಹಕವಿರಲಿಲ್ಲ. ತನ್ನಿಂದ ಆದ ತೊಂದರೆ ನಿಂತಿತೇ ಎಂದು ವಿಚಾರಿಸುತ್ತಿದ್ದ.

"ಕೇಳ್ಸುತ್ತೆ ಅಣ್ಣ" ಎಂದೆ. ಕಂಬಳಿ ಹೊದಿಸಿ ಎದ್ದುಬಂದೆ.

ಅತ್ತಿಗೆ ಇವತ್ತಿಗೂ ಕೇಂದ್ರದವರನ್ನೇ ಶಪಿಸುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಇಷ್ಟನ್ನು ಬರೆದು ಮುಗಿಸಿದ ಮೇಲೆ, ನಾಳೆ ಅವಳ ಎದುರು ಕೂತು ನಾನೇ ಓದಿ ಹೇಳಬೇಕು.